ಶೈಲಜಾ ಟೀಚರ್‌ಗೆ ಎರಡನೆಯ ಸಲ ಮಂತ್ರಿಗಿರಿ ಸಿಗಲಿಲ್ಲ ಏಕೆ?

ಪ್ರಶ್ನೆ: ನಾನು ಮಂಜೇಶ್ವರ ತಾಲ್ಲೂಕಿನ ಕನ್ನಡಿಗ. ಕೇರಳದ ಆರೋಗ್ಯ ಸಚಿವೆಯಾಗಿದ್ದ ಕೆ.ಕೆ. ಶೈಲಜಾ ಅವರ ಬಗ್ಗೆ ನಮ್ಮ ಕಡೆ ಎರಡು ಮಾತುಗಳಿವೆ. ನಿಪಾ, ಕೊರೊನಾ ಎರಡನ್ನೂ ಅವರೇ ಎದುರಿಸಿ ನಿಂತರು ಎಂದು ಕೆಲವರು ಹೇಳಿದರೆ, ಕೇರಳದ ಆರೋಗ್ಯ ವ್ಯವಸ್ಥೆ ಮೊದಲೇ ಗಟ್ಟಿಯಾಗಿತ್ತು, ಹೆಸರು ಮಾತ್ರ ಇವರಿಗೆ ಬಂತು ಎಂದು ಇನ್ನು ಕೆಲವರು ಹೇಳುತ್ತಾರೆ. ನಿಜ ಯಾವುದು? 2021ರಲ್ಲಿ ದಾಖಲೆಯ ಅಂತರದಿಂದ ಗೆದ್ದ ಮೇಲೂ ಅವರನ್ನು ಸಂಪುಟದಿಂದ ಕೈಬಿಟ್ಟದ್ದೇಕೆ? ನಮ್ಮ ಕಾಸರಗೋಡು ಜಿಲ್ಲೆಗೆ ಅವರ ಕಾಲದಲ್ಲಿ ಏನು ದಕ್ಕಿತು?

ಉತ್ತರ: ನಿಮ್ಮ ಊರಿನ ಎರಡು ಮಾತುಗಳಲ್ಲಿ ಎರಡನೆಯದು ಹೆಚ್ಚು ನಿಜ, ಆದರೆ ಅದನ್ನು ಹೇಳುವವರು ಅದರಿಂದ ಎಳೆಯುವ ತೀರ್ಮಾನ ಸರಿಯಲ್ಲ. ವ್ಯವಸ್ಥೆ ಮೊದಲೇ ಇತ್ತು ಎಂದ ಮಾತ್ರಕ್ಕೆ ಅದನ್ನು ನಡೆಸಿದವರ ಕೆಲಸ ಸಣ್ಣದಾಗುವುದಿಲ್ಲ. ಇದ್ದ ವ್ಯವಸ್ಥೆಯನ್ನು ಕೆಡಿಸಿ ಹೋದ ಮಂತ್ರಿಗಳು ನಮ್ಮ ದೇಶದ ಎಲ್ಲ ರಾಜ್ಯಗಳಲ್ಲೂ ಇದ್ದಾರೆ. ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ಶೈಲಜಾ ಹುಟ್ಟಿದ್ದು 1956ರ ನವೆಂಬರ್ 20ರಂದು, ಕಣ್ಣೂರು ಜಿಲ್ಲೆಯಲ್ಲಿ, ಕಮ್ಯುನಿಸ್ಟ್ ಚಳವಳಿಯ ಬೇರು ಆಳಕ್ಕಿಳಿದಿದ್ದ ಮನೆತನದಲ್ಲಿ. ಮಟ್ಟನೂರಿನ ಪಳಶ್ಶಿರಾಜ ಕಾಲೇಜಿನಲ್ಲಿ ಓದಿ, ಬಿ.ಇಡಿ. ಮುಗಿಸಿ, ಶಿವಪುರಂ ಹೈಸ್ಕೂಲಿನಲ್ಲಿ ವಿಜ್ಞಾನದ ಅಧ್ಯಾಪಕಿಯಾದರು. ಪೂರ್ಣಾವಧಿ ರಾಜಕಾರಣಕ್ಕಾಗಿ 2004ರಲ್ಲಿ ಸ್ವಯಂ ನಿವೃತ್ತಿ ಪಡೆದರು. ನಮ್ಮಲ್ಲಿ ‘ಮೇಷ್ಟ್ರು’ ಎಂಬ ಹೆಸರು ಹೇಗೆ ಒಬ್ಬರಿಗೆ ಅಂಟಿದರೆ ಸಾಯುವವರೆಗೂ ಬಿಡುವುದಿಲ್ಲವೋ ಹಾಗೆ ಮಲಯಾಳಿಗಳಲ್ಲಿ ‘ಟೀಚರ್’ ಎಂಬುದೂ ಬಿಡುವುದಿಲ್ಲ. ಅವರು ಮಂತ್ರಿಯಾದ ಮೇಲೂ ಜನ ಕರೆದದ್ದು ಶೈಲಜಾ ಟೀಚರ್ ಎಂದೇ. ಅವರಿಗಿಂತ ಹಿಂದೆ, 2006ರಿಂದ 2011ರವರೆಗೆ, ಆರೋಗ್ಯ ಸಚಿವೆಯಾಗಿದ್ದ ಪಿ.ಕೆ. ಶ್ರೀಮತಿ ಅವರೂ ಕಣ್ಣೂರಿನವರೇ, ಅವರೂ ‘ಟೀಚರ್’ ಎಂದೇ ಪರಿಚಿತರು. ಕಣ್ಣೂರಿನ ಪಕ್ಷ ಸಂಘಟನೆಯಲ್ಲಿ ಶಾಲೆಯ ಉಪಾಧ್ಯಾಯರಿಗೆ ಇರುವ ಜಾಗವನ್ನು ಬಲ್ಲವರಿಗೆ ಇದು ಕಾಕತಾಳೀಯವಾಗಿ ಕಾಣುವುದಿಲ್ಲ.

ಚುನಾವಣೆಯ ದಾರಿಯೇನೂ ಅವರಿಗೆ ಸಲೀಸಾಗಿರಲಿಲ್ಲ. 1996ರಲ್ಲಿ ಕೂತುಪರಂಬದಿಂದ, 2006ರಲ್ಲಿ ಪೇರಾವೂರಿನಿಂದ ಗೆದ್ದರು. 2011ರಲ್ಲಿ ಅದೇ ಪೇರಾವೂರಿನಲ್ಲಿ ಕಾಂಗ್ರೆಸ್ಸಿನ ಸನ್ನಿ ಜೋಸೆಫ್ ಎದುರು ಸೋತರು. 2016ರಲ್ಲಿ ಮತ್ತೆ ಕೂತುಪರಂಬಕ್ಕೆ ಬಂದು, ಆಗ ಕೃಷಿ ಸಚಿವರಾಗಿದ್ದ ಕೆ.ಪಿ. ಮೋಹನನ್ ಅವರನ್ನು ಸೋಲಿಸಿದರು. ಆ ವರ್ಷದ ಮೇ 25ರಂದು ಪಿಣರಾಯಿ ವಿಜಯನ್ ಸಂಪುಟ ಪ್ರಮಾಣವಚನ ಸ್ವೀಕರಿಸಿದಾಗ ಅದರಲ್ಲಿದ್ದ ಮಹಿಳೆಯರು ಇಬ್ಬರೇ: ಶೈಲಜಾ ಮತ್ತು ಜೆ. ಮೆರ್ಸಿಕುಟ್ಟಿ ಅಮ್ಮ. ಆರೋಗ್ಯದ ಜೊತೆಗೆ ಸಾಮಾಜಿಕ ನ್ಯಾಯದ ಖಾತೆಯೂ ಶೈಲಜಾ ಅವರ ಪಾಲಿಗೆ ಬಂತು.

ಅವರ ಕೈಗೆ ಬಂದ ಇಲಾಖೆ ಯಾವ ಸ್ಥಿತಿಯಲ್ಲಿತ್ತು ಎಂಬುದೇ ನಿಮ್ಮ ಮೊದಲ ಪ್ರಶ್ನೆಯ ತಿರುಳು. ತಿರುವಾಂಕೂರಿನಲ್ಲಿ ಸಿಡುಬಿನ ಲಸಿಕೆ 19ನೆಯ ಶತಮಾನದ ಆರಂಭದಲ್ಲೇ, ರಾಣಿ ಗೌರಿ ಲಕ್ಷ್ಮೀಬಾಯಿಯವರ ಕಾಲದಲ್ಲಿ, ಬಂದಿತ್ತು. ಹೆಣ್ಣುಮಕ್ಕಳ ಓದು, ಮಿಷನ್ ಆಸ್ಪತ್ರೆಗಳು, ಸಮಾಜ ಸುಧಾರಣೆಯ ಚಳವಳಿಗಳು, ಭೂಸುಧಾರಣೆ, ಊರೂರಿಗೆ ಹರಡಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಇವೆಲ್ಲ ಸೇರಿ ಶಿಶುಮರಣ ಇಳಿದು ಆಯುಸ್ಸು ಏರಿದ್ದು ಯಾವುದೇ ಒಂದು ಪಕ್ಷದ ಅಥವಾ ಒಬ್ಬ ಮಂತ್ರಿಯ ಸಾಧನೆಯಲ್ಲ. 1996ರಲ್ಲಿ, ಸ್ಥಳೀಯ ಸಂಸ್ಥೆಗಳ ಕೈಗೆ ಯೋಜನೆ ರೂಪಿಸುವ ಅಧಿಕಾರ ಕೊಟ್ಟ ‘ಜನಕೀಯ ಯೋಜನೆ’ ಆರಂಭವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಉಸ್ತುವಾರಿ ಪಂಚಾಯಿತಿಗಳಿಗೆ ಹೋಯಿತು. ಔಷಧಿ ಮತ್ತು ಉಪಕರಣಗಳನ್ನು ಒಂದೇ ಕಡೆಯಿಂದ ಕೊಳ್ಳುವ ಕೇರಳ ವೈದ್ಯಕೀಯ ಸೇವಾ ನಿಗಮ ಶ್ರೀಮತಿ ಅವರ ಕಾಲದಲ್ಲಿ ಹುಟ್ಟಿತು. ಶೈಲಜಾ ಅಧಿಕಾರ ಹಿಡಿಯುವ ಹೊತ್ತಿಗೆ ಅಡಿಪಾಯವಷ್ಟೇ ಅಲ್ಲ, ಗೋಡೆಯೂ ಎದ್ದಿತ್ತು.

ಆದರೆ ಗೋಡೆ ಶಿಥಿಲವಾಗುತ್ತಲೂ ಇತ್ತು. ಮಲಯಾಳಿ ಮಧ್ಯಮ ವರ್ಗ ಸರಕಾರಿ ಆಸ್ಪತ್ರೆಯನ್ನು ಬಿಟ್ಟು ಖಾಸಗಿಯತ್ತ ನಡೆದು ಬಹಳ ಕಾಲವಾಗಿತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗದ ಔಷಧಿಗೆ ಜನ ಕೈಯಿಂದ ಸುರಿಯುತ್ತಿದ್ದ ಹಣ ಹೆಚ್ಚುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುವ ಆರೋಗ್ಯ ಕೇಂದ್ರದಿಂದ ಕೂಲಿಗೆ ಹೋಗುವವನಿಗೆ ಏನು ಪ್ರಯೋಜನ? 2017ರ ಫೆಬ್ರವರಿಯಲ್ಲಿ ಶುರುವಾದ ‘ಆರ್ದ್ರಂ’ ಯೋಜನೆ ಕೈ ಹಾಕಿದ್ದು ಇಲ್ಲಿಗೆ. ಮೊದಲ ಹಂತದಲ್ಲಿ 170 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ‘ಕುಟುಂಬ ಆರೋಗ್ಯ ಕೇಂದ್ರ’ಗಳಾಗಿ ಮಾಡಿ, ವೈದ್ಯರ ಮತ್ತು ನರ್ಸ್‌ಗಳ ಸಂಖ್ಯೆ ಹೆಚ್ಚಿಸಿ, ಹೊರರೋಗಿ ವಿಭಾಗ ಸಂಜೆ ಆರರವರೆಗೂ ತೆರೆದಿರುವಂತೆ ಮಾಡಲು ಹೊರಟರು. ಸಂಜೆಯ ವೈದ್ಯರ ಸಂಬಳಕ್ಕೆ ಪಂಚಾಯಿತಿಯೂ ತನ್ನ ಯೋಜನಾ ಹಣವನ್ನು ಬಳಸಬಹುದಾಗಿತ್ತು. ಇದು ಪತ್ರಿಕೆಯ ಮುಖಪುಟಕ್ಕೆ ಬರುವ ಸುದ್ದಿಯಲ್ಲ. ಆದರೂ ನನ್ನನ್ನು ಕೇಳಿದರೆ ಶೈಲಜಾ ಅವರ ಐದು ವರ್ಷಗಳಲ್ಲಿ ನಿಪಾಗಿಂತ, ಕೊರೊನಾಗಿಂತ ಮುಖ್ಯವಾದ ಕೆಲಸ ಇದು. ಕುರ್ಚಿ ಹಾಕಿದ ಕಾಯುವ ಕೊಠಡಿ, ಟೋಕನ್, ಬಣ್ಣ ಬಳಿದ ಗೋಡೆ ಇವು ಸಣ್ಣ ಸಂಗತಿಗಳಾದರೂ ಬಿಟ್ಟುಹೋಗಿದ್ದ ಜನರನ್ನು ಸರಕಾರಿ ಆಸ್ಪತ್ರೆಗೆ ಮರಳಿ ಕರೆತರುವುದು ಇಂಥವುಗಳಿಂದಲೇ.

ಅದೇ ವರ್ಷ ಬಂದ ‘ಹೃದ್ಯಂ’ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳಿಗೆ ಉಚಿತ ಶಸ್ತ್ರಚಿಕಿತ್ಸೆ ಕೊಡಿಸುವ ಯೋಜನೆ. ಮಗುವಿನ ಹೆಸರನ್ನು ಆನ್‌ಲೈನಿನಲ್ಲಿ ನೋಂದಾಯಿಸಿದರೆ ಸರಕಾರಿ ಆಸ್ಪತ್ರೆಯಲ್ಲೋ ಒಪ್ಪಂದವಿರುವ ಖಾಸಗಿ ಆಸ್ಪತ್ರೆಯಲ್ಲೋ ಚಿಕಿತ್ಸೆಗೆ ವ್ಯವಸ್ಥೆಯಾಗುತ್ತದೆ. 2019ರ ಮೇ ತಿಂಗಳಲ್ಲಿ ನಡೆದ ಒಂದು ಪ್ರಸಂಗ ಕೇರಳದಲ್ಲಿ ಮನೆಮಾತಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದ ಮಕ್ಕಳನ್ನು ಅಭಿನಂದಿಸಿ ಸಚಿವೆ ಫೇಸ್‌ಬುಕ್ಕಿನಲ್ಲಿ ಬರೆದ ಸಾಲುಗಳ ಕೆಳಗೆ ಮಲಪ್ಪುರಂ ಜಿಲ್ಲೆಯ ಯುವಕನೊಬ್ಬ, ತನ್ನ ತಂಗಿಗೆ ಹುಟ್ಟಿದ ಹಸುಗೂಸಿಗೆ ಹೃದಯದ ತೊಂದರೆಯಿದೆ, ದಾರಿ ಕಾಣುತ್ತಿಲ್ಲ ಎಂದು ಬರೆದ. ಅದೇ ಜಾಗದಲ್ಲಿ ಸಚಿವೆಯ ಉತ್ತರ ಬಂತು, ಆಂಬುಲೆನ್ಸ್ ಹೊರಟಿತು, ಮಗು ಕೊಚ್ಚಿಯ ಲಿಸಿ ಆಸ್ಪತ್ರೆ ಸೇರಿತು. ಈ ಕಥೆಯನ್ನು ಸಚಿವೆಯ ಕರುಣೆಯ ಕಥೆಯಾಗಿ ಹೇಳುವುದು ಸುಲಭ. ಆದರೆ ಹಿಂದೆ ಹೃದ್ಯಂ ಎಂಬ ಪಟ್ಟಿ, ಆಂಬುಲೆನ್ಸ್, ಒಪ್ಪಂದದ ಆಸ್ಪತ್ರೆ ಮೂರೂ ಸಿದ್ಧವಿರದಿದ್ದರೆ ಆ ಉತ್ತರ ಬರೀ ಸಾಂತ್ವನವಾಗುತ್ತಿತ್ತು.

ಇನ್ನು ನಿಪಾ. 2018ರ ಮೇ ತಿಂಗಳಲ್ಲಿ ಕಲ್ಲಿಕೋಟೆ ಜಿಲ್ಲೆಯ ಪೇರಾಂಬ್ರದ ಒಂದೇ ಮನೆಯಲ್ಲಿ ಸಾವಿನ ಮೇಲೆ ಸಾವು ಸಂಭವಿಸಿದಾಗ ಇದು ಸಾಮಾನ್ಯ ಜ್ವರವಲ್ಲ ಎಂದು ಮೊದಲು ಶಂಕಿಸಿದವರು ಕಲ್ಲಿಕೋಟೆಯ ಖಾಸಗಿ ಆಸ್ಪತ್ರೆಯೊಂದರ ವೈದ್ಯರು. ಮಾದರಿಗಳು ಹೋದದ್ದು ನಮ್ಮ ಮಣಿಪಾಲಕ್ಕೆ. ಅಲ್ಲಿಯ ವೈರಾಣು ಸಂಶೋಧನಾ ಕೇಂದ್ರದಲ್ಲಿ ಡಾ. ಜಿ. ಅರುಣ್‌ಕುಮಾರ್ ಅವರ ತಂಡ ನಿಪಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು. ಸೋಂಕು ಹರಡಿದ ಬಗೆಯನ್ನು ಹಿಂದಕ್ಕೆ ಹೋಗಿ ಹುಡುಕಿದಾಗ ಬಹುಪಾಲು ಜನರಿಗೆ ಅದು ತಗಲಿದ್ದು ಆಸ್ಪತ್ರೆಗಳ ಒಳಗೇ ಎಂಬುದು ಗೊತ್ತಾಯಿತು. ಕಲ್ಲಿಕೋಟೆ ಮೆಡಿಕಲ್ ಕಾಲೇಜಿನ ಸ್ಕ್ಯಾನಿಂಗ್ ವಿಭಾಗದ ಹೊರಗಿನ ಓಣಿಯಲ್ಲಿ ಸರದಿಗಾಗಿ ಕಾಯುತ್ತಿದ್ದವರು, ರೋಗಿಯ ಪಕ್ಕದಲ್ಲಿ ಹಾದುಹೋದವರು, ಶುಶ್ರೂಷೆ ಮಾಡಿದವರು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ಒಟ್ಟು 17 ಸಾವು ಸಂಭವಿಸಿದವು. ರೋಗ ದೃಢಪಟ್ಟೂ ಬದುಕಿದವರು ಇಬ್ಬರೇ.

ಈ ಸರಣಿಯಲ್ಲಿ ಸಚಿವೆಯ ಪಾಲೆಷ್ಟು? ರೋಗ ಪತ್ತೆ ಹಚ್ಚಿದ್ದು ವೈದ್ಯರು ಮತ್ತು ವಿಜ್ಞಾನಿಗಳು, ಆಡಳಿತದ ಎಳೆಗಳನ್ನು ಹಿಡಿದಿದ್ದವರು ಆಗಿನ ಆರೋಗ್ಯ ಕಾರ್ಯದರ್ಶಿ ರಾಜೀವ್ ಸದಾನಂದನ್ ಮತ್ತು ಇಲಾಖೆಯ ಅಧಿಕಾರಿಗಳು, ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರನ್ನು ನಿಗಾದಲ್ಲಿಟ್ಟವರು ಕ್ಷೇತ್ರ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರು. ಸಚಿವೆ ರಾಜಧಾನಿಯನ್ನು ಬಿಟ್ಟು ಕಲ್ಲಿಕೋಟೆಯಲ್ಲಿ ಬೀಡುಬಿಟ್ಟು, ಪೇರಾಂಬ್ರದ ಶಾಸಕರೂ ಸಂಪುಟದ ಸಹೋದ್ಯೋಗಿಯೂ ಆಗಿದ್ದ ಟಿ.ಪಿ. ರಾಮಕೃಷ್ಣನ್ ಅವರೊಂದಿಗೆ ದಿನದಿನದ ಸಭೆಗಳಲ್ಲಿ ಕುಳಿತು, ತಜ್ಞರು ಹೇಳಿದ್ದನ್ನು ಜನರ ಮಾತಿಗೆ ಇಳಿಸಿ ಹೇಳಿದರು. ಇದು ಕಡಿಮೆಯ ಕೆಲಸವೆಂದು ಅನ್ನಿಸಬಹುದು. ಊರಿಗೆ ಊರೇ ಮನೆ ಬಿಟ್ಟು ಹೋಗಲು ಹವಣಿಸುವಾಗ, ಆಸ್ಪತ್ರೆಯ ಸಿಬ್ಬಂದಿಯನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳಲು ಜನ ಹಿಂಜರಿಯುವಾಗ, ಗೊತ್ತಿರುವುದನ್ನಷ್ಟೇ ಹೇಳುವ, ಅಧಿಕಾರಿಯ ಮಾತನ್ನು ನಡುವೆ ತುಂಡರಿಸದ ಮಂತ್ರಿ ಒಬ್ಬರು ಮುಂದೆ ಕುಳಿತಿರುವುದು ಔಷಧಿಯಷ್ಟೇ ಬೇಕಾದದ್ದು. ತರಗತಿಯಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ಅಭ್ಯಾಸ ಇಲ್ಲಿ ಕೈಹಿಡಿಯಿತು ಎಂದು ನನ್ನ ಅಂದಾಜು.

ಕೊರೊನಾ ಬಂದಾಗ ಅದೇ ತಾಲೀಮು ನೆರವಿಗೆ ಬಂತು. ಭಾರತದ ಮೊದಲ ಪ್ರಕರಣ 2020ರ ಜನವರಿ 30ರಂದು ತ್ರಿಶೂರಿನಲ್ಲಿ, ವುಹಾನ್‌ನಿಂದ ಮರಳಿದ ವೈದ್ಯಕೀಯ ವಿದ್ಯಾರ್ಥಿನಿಯಲ್ಲಿ ದೃಢಪಟ್ಟಿತು. ಅಷ್ಟರಲ್ಲಾಗಲೇ ರಾಜ್ಯದ ನಿಯಂತ್ರಣ ಕೊಠಡಿ ಕೆಲಸ ಆರಂಭಿಸಿತ್ತು. ಮೊದಲ ಮೂರು ಪ್ರಕರಣಗಳಲ್ಲಿ ಒಂದು ನಿಮ್ಮ ಜಿಲ್ಲೆಯದು. ಮಾರ್ಚಿನಲ್ಲಿ ಇಟಲಿಯಿಂದ ಪತ್ತನಂತಿಟ್ಟಕ್ಕೆ ಬಂದ ಕುಟುಂಬದಿಂದ ಸೋಂಕು ಹರಡಿದಾಗ ಅವರು ಹೋದ ಬಂದ ಜಾಗಗಳ ನಕ್ಷೆಯನ್ನೇ ಪ್ರಕಟಿಸಲಾಯಿತು. ಅದೇ ಮನೆಯ, ತೊಂಬತ್ತು ದಾಟಿದ ಹಿರಿಯರೂ ಅವರ ಪತ್ನಿಯೂ ಗುಣವಾಗಿ ಮನೆಗೆ ಮರಳಿದರು. ಲಂಡನ್ನಿನ ಪತ್ರಿಕೆಗಳು ಸಚಿವೆಯನ್ನು ಹೊಗಳಿ ಬರೆದವು. ಜೂನ್ 23ರ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ದಿನದ ಕಾರ್ಯಕ್ರಮದಲ್ಲಿ ಅವರು ಮಾತನಾಡಿದರು. ತವರಿನಲ್ಲಿ ಹೊಗಳಿಕೆ ಇಷ್ಟು ಸರಾಗವಾಗಿರಲಿಲ್ಲ. ಪದೇ ಪದೇ ಪತ್ರಿಕಾಗೋಷ್ಠಿ ನಡೆಸುವುದನ್ನು ವಿರೋಧ ಪಕ್ಷದ ನಾಯಕ ರಮೇಶ್ ಚೆನ್ನಿತ್ತಲ ಮಾಧ್ಯಮದ ಹುಚ್ಚು ಎಂದರು. ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಮುಲ್ಲಪ್ಪಳ್ಳಿ ರಾಮಚಂದ್ರನ್ ‘ನಿಪಾ ರಾಜಕುಮಾರಿ’, ‘ಕೋವಿಡ್ ರಾಣಿ’ ಎಂದು ಮೂದಲಿಸಿ, ತಮ್ಮ ಪಕ್ಷಕ್ಕೇ ಇರಿಸುಮುರಿಸು ತಂದರು. ಈ ನಡುವೆ ಸಂಜೆಯ ಪತ್ರಿಕಾಗೋಷ್ಠಿ ಸಚಿವೆಯಿಂದ ಮುಖ್ಯಮಂತ್ರಿಗೆ ವರ್ಗವಾಗಿತ್ತು. ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಈ ವರ್ಗಾವಣೆಯನ್ನು ನೆನಪಿನಲ್ಲಿಡಿ.

ಲೆಕ್ಕದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2020ರ ಮೇ ತಿಂಗಳ ಶಾಂತಿ ಅಕ್ಟೋಬರಿಗೆ ಉಳಿಯಲಿಲ್ಲ, ದಿನಕ್ಕೆ ಹತ್ತು ಸಾವಿರ ಮೀರಿ ಪ್ರಕರಣಗಳು ಬಂದವು. ಬಿಟ್ಟುಹೋಗಿದ್ದ ಸಾವುಗಳನ್ನು ಆಮೇಲೆ ಸಾವಿರಗಟ್ಟಲೆಯಾಗಿ ಸೇರಿಸಿದ್ದರಿಂದ ಕೇರಳದ ಅಧಿಕೃತ ಸಾವಿನ ಸಂಖ್ಯೆ ಕೊನೆಗೆ 70,000 ದಾಟಿ, ಮಹಾರಾಷ್ಟ್ರದ ನಂತರದ ಸ್ಥಾನಕ್ಕೆ ಬಂತು. ಇದರಲ್ಲಿ ಹೆಚ್ಚಿನ ಭಾಗ ಶೈಲಜಾ ಖಾತೆ ಬಿಟ್ಟ ಮೇಲಿನದು. ಹಾಗೆಂದು ಆರಂಭದ ಹೊಗಳಿಕೆಯೆಲ್ಲ ಸುಳ್ಳೆನ್ನುವುದೂ ತಪ್ಪು. 2021ರ ಜೂನ್–ಜುಲೈ ತಿಂಗಳ ರಾಷ್ಟ್ರೀಯ ರಕ್ತ ಸಮೀಕ್ಷೆಯಲ್ಲಿ ದೇಶದ ಸುಮಾರು 67 ಶೇಕಡಾ ಜನರಲ್ಲಿ ಪ್ರತಿಕಾಯ ಕಂಡುಬಂದರೆ ಕೇರಳದಲ್ಲಿ ಕಂಡದ್ದು ಸುಮಾರು 44 ಶೇಕಡಾ. ಅಂದರೆ ಆಸ್ಪತ್ರೆಗಳು ತುಂಬಿ ತುಳುಕುವ ಮೊದಲು, ಲಸಿಕೆ ಬರುವವರೆಗೆ, ಸೋಂಕನ್ನು ನಿಧಾನಗೊಳಿಸಿದ್ದು ನಿಜ.

ಖರೀದಿಯ ವಿಷಯ ಬೇರೆ. 2020ರ ಮಾರ್ಚ್ ಕೊನೆಯಲ್ಲಿ, 550 ರೂಪಾಯಿ ದರಕ್ಕೆ ಪಿಪಿಇ ಕಿಟ್ ಕೊಂಡ ಎರಡೇ ದಿನಕ್ಕೆ ಬೇರೊಂದು ಕಂಪನಿಯಿಂದ 1,550 ರೂಪಾಯಿಗೆ ಕೊಂಡದ್ದರಿಂದ ಹತ್ತು ಕೋಟಿ ರೂಪಾಯಿಗೂ ಹೆಚ್ಚು ಹೊರೆಯಾಯಿತು ಎಂದು ಮಹಾಲೇಖಪಾಲರ (ಸಿಎಜಿ) ವರದಿ 2025ರ ಜನವರಿಯಲ್ಲಿ ಹೇಳಿತು. ಕಿಟ್ ಎಲ್ಲೂ ಸಿಗದ ದಿನಗಳಲ್ಲಿ ಸಿಬ್ಬಂದಿಯ ಜೀವ ಉಳಿಸಲು ಹಾಗೆ ಮಾಡಬೇಕಾಯಿತು ಎಂಬುದು ಶೈಲಜಾ ಅವರ ಸಮರ್ಥನೆ. ಆ ವಾರಗಳ ಗಾಬರಿ ನೆನಪಿರುವವರಿಗೆ ಸಮರ್ಥನೆ ಅರ್ಥವಾಗುತ್ತದೆ. ಆದರೆ ಅದೇ ವಾರ ಅಗ್ಗದ ದರದಲ್ಲೂ ಕಿಟ್ ಸಿಗುತ್ತಿತ್ತಲ್ಲ ಎಂಬ ಪ್ರಶ್ನೆಗೆ ಅದರಲ್ಲಿ ಪೂರ್ತಿ ಉತ್ತರವಿಲ್ಲ. ಹೆಸರನ್ನು ಒಪ್ಪಿಕೊಂಡವರು ಇದರ ಹೊಣೆಯನ್ನೂ ಹೊರಬೇಕಾಗುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. 2021ರ ಚುನಾವಣೆಯಲ್ಲಿ ಕೂತುಪರಂಬವನ್ನು, ಶೈಲಜಾ ಅವರ ಪಕ್ಷ ಸಿಪಿಎಂ ಮುನ್ನಡೆಸುವ ಎಡರಂಗ, ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ನಿಂತವರು, ಐದು ವರ್ಷ ಹಿಂದೆ ಶೈಲಜಾ ಸೋಲಿಸಿದ್ದ ಅದೇ ಮೋಹನನ್! ಶೈಲಜಾ ಮಟ್ಟನೂರಿಗೆ ಹೋಗಿ 60,963 ಮತಗಳ ಅಂತರದಿಂದ ಗೆದ್ದರು. ಕೇರಳ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿಯವರೆಗೆ ಅಷ್ಟು ಅಂತರ ಯಾರಿಗೂ ಸಿಕ್ಕಿರಲಿಲ್ಲ. 140ರಲ್ಲಿ 99 ಸ್ಥಾನ ಗೆದ್ದ ಎಡರಂಗ, ಪ್ರತಿ ಚುನಾವಣೆಗೂ ಸರಕಾರ ಬದಲಾಗುವ ನಾಲ್ಕು ದಶಕಗಳ ಸರದಿಯನ್ನು ಮುರಿದು ಅಧಿಕಾರದಲ್ಲಿ ಮುಂದುವರಿಯಿತು. ಮೇ 18ರಂದು ಪಕ್ಷದ ರಾಜ್ಯ ಸಮಿತಿ ಪಟ್ಟಿ ಪ್ರಕಟಿಸಿದಾಗ ಮುಖ್ಯಮಂತ್ರಿಯೊಬ್ಬರ ಹೊರತಾಗಿ ಹಿಂದಿನ ಸಂಪುಟದಲ್ಲಿದ್ದ ಸಿಪಿಎಂ ಮಂತ್ರಿಗಳು ಒಬ್ಬರೂ ಅದರಲ್ಲಿರಲಿಲ್ಲ. ಶೈಲಜಾ ಅವರಿಗೆ ಸಿಕ್ಕಿದ್ದು ಪಕ್ಷದ ಸಚೇತಕ ಸ್ಥಾನ. ಆರೋಗ್ಯ ಖಾತೆ ವೀಣಾ ಜಾರ್ಜ್ ಅವರಿಗೆ ಹೋಯಿತು.

ಪಕ್ಷ ಕೊಟ್ಟ ಕಾರಣ ಹೊಸಬರಿಗೆ ಅವಕಾಶ ಎಂಬುದು. ಅದು ನೆಪವಷ್ಟೇ ಎನ್ನಲಾಗದು, ಏಕೆಂದರೆ ಸತತ ಎರಡು ಸಲ ಗೆದ್ದವರಿಗೆ ಟಿಕೆಟ್ ಇಲ್ಲ ಎಂಬ ನಿಯಮದಡಿ ಥಾಮಸ್ ಐಸಾಕ್, ಜಿ. ಸುಧಾಕರನ್ ಅವರಂಥ ಘಟಾನುಘಟಿಗಳನ್ನು ಚುನಾವಣೆಗೆ ಮೊದಲೇ ಬದಿಗೆ ಸರಿಸಲಾಗಿತ್ತು. ಆದರೆ ಹೊಸಬರಿಗೆ ಅವಕಾಶ ಎಂಬ ನಿಯಮ ಮುಖ್ಯಮಂತ್ರಿಯೊಬ್ಬರಿಗೆ ಮಾತ್ರ ಅನ್ವಯಿಸದಿದ್ದಾಗ, ಅದೇ ಪಟ್ಟಿಯಲ್ಲಿ ಮುಖ್ಯಮಂತ್ರಿಯ ಅಳಿಯನ ಹೆಸರೂ ಇದ್ದಾಗ, ಜನ ಬೇರೆ ಅರ್ಥ ಕಟ್ಟುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಎರಡೂ ಸೇರಿಕೊಂಡಿದ್ದವು: ವ್ಯಕ್ತಿಗಿಂತ ಸಂಘಟನೆ ದೊಡ್ಡದು ಎಂಬ ಕಣ್ಣೂರಿನ ಹಳೆಯ ಕಟ್ಟು, ಮತ್ತು ಒಂದು ಸಂಪುಟದಲ್ಲಿ ಎರಡು ಮುಖಗಳು ಒಂದೇ ಎತ್ತರಕ್ಕೆ ಬೆಳೆಯುವುದನ್ನು ಸಹಿಸದ ಅಧಿಕಾರದ ಗುಣ. ಪಟ್ಟಿ ಬರುವುದಕ್ಕೆ ಒಂದು ವಾರ ಮೊದಲು, ಮೇ 11ರಂದು, ಕೇರಳದ ಹಿರಿಯ ಕಮ್ಯುನಿಸ್ಟ್ ನಾಯಕಿ ಕೆ.ಆರ್. ಗೌರಿಯಮ್ಮ ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. 1987ರಲ್ಲಿ ಗೌರಿಯಮ್ಮ ನಾಡನ್ನಾಳುತ್ತಾರೆ ಎಂಬ ಘೋಷಣೆಯಿಂದ ಗೆದ್ದ ಮೇಲೆ ಮುಖ್ಯಮಂತ್ರಿಯಾದವರು ಇ.ಕೆ. ನಾಯನಾರ್. ಆ ವಾರ ಕೇರಳದಲ್ಲಿ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳದವರಿರಲಿಲ್ಲ. ಆದರೆ ಗೌರಿಯಮ್ಮ ಪಕ್ಷದೊಡನೆ ಜಗಳವಾಡಿ ಕೊನೆಗೆ ಉಚ್ಚಾಟನೆಗೊಂಡರು; ಶೈಲಜಾ ಒಂದು ಮಾತೂ ಆಡದೆ ಹಿಂದಿನ ಸಾಲಿನಲ್ಲಿ ಕುಳಿತರು. 2022ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಹೆಸರು ಬಂದಾಗಲೂ ಪಕ್ಷದೊಡನೆ ಚರ್ಚಿಸಿ ಬೇಡವೆಂದರು. ಫಿಲಿಪೀನ್ಸ್‌ನಲ್ಲಿ ಕಮ್ಯುನಿಸ್ಟರನ್ನು ಹತ್ತಿಕ್ಕಿದ ಅಧ್ಯಕ್ಷನ ಹೆಸರಿನ ಪ್ರಶಸ್ತಿ ಎಂಬುದು ಒಂದು ಕಾರಣ, ಕೆಲಸ ಎಲ್ಲರದು, ಒಬ್ಬರದಲ್ಲ ಎಂಬುದು ಇನ್ನೊಂದು.

2024ರ ಲೋಕಸಭಾ ಚುನಾವಣೆಯಲ್ಲಿ ವಡಗರದಿಂದ ನಿಂತು, ಕಾಂಗ್ರೆಸ್ಸಿನ ಶಾಫಿ ಪರಂಬಿಲ್ ಎದುರು 1,14,506 ಮತಗಳಿಂದ ಸೋತರು. ಅವರು ಹಿಂದೆ ಪ್ರತಿನಿಧಿಸಿದ್ದ ಕೂತುಪರಂಬವೂ ನಿಪಾ ಕಾಣಿಸಿಕೊಂಡ ಪೇರಾಂಬ್ರವೂ ಇದೇ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಜನ ಮರೆತರು ಎಂದು ಇದರಿಂದ ತೀರ್ಮಾನಿಸಬೇಡಿ. ಆ ಸಲ ಕೇರಳದ 20 ಸ್ಥಾನಗಳಲ್ಲಿ ಎಡರಂಗಕ್ಕೆ ಸಿಕ್ಕಿದ್ದೇ ಒಂದು.

ಕೊನೆಯದಾಗಿ ಕಾಸರಗೋಡು. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಿಮ್ಮ ಜಿಲ್ಲೆಯ ರೋಗಿಗಳು ಚಿಕಿತ್ಸೆ ಸಿಗದೆ ಸತ್ತದ್ದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್‌ಗಳ ಮೆಟ್ಟಿಲು ಹತ್ತಿದ ಮೇಲೆ ಕೊರೊನಾ ಇಲ್ಲದ ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಗಡಿ ಮುಚ್ಚಿದ್ದು ಕರ್ನಾಟಕದ ತಪ್ಪು. ಆದರೆ ಒಂದು ಜಿಲ್ಲೆಯ ಜನ ಇನ್ನೊಂದು ರಾಜ್ಯದ ಆಸ್ಪತ್ರೆಯನ್ನೇ ನೆಚ್ಚಿಕೊಳ್ಳಬೇಕಾದ ಸ್ಥಿತಿ ಕೇರಳದ ಎಲ್ಲ ಸರಕಾರಗಳು ಸೇರಿ ತಂದದ್ದು, ಎಡರಂಗ, ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಎಂಬ ಭೇದವಿಲ್ಲದೆ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದರ ಆಡಳಿತ ಕಟ್ಟಡವನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆಯಾಗಿಸಿದ್ದು 2020ರ ಏಪ್ರಿಲಿನಲ್ಲಿ, ತಿರುವನಂತಪುರ ಮೆಡಿಕಲ್ ಕಾಲೇಜಿನ ವೈದ್ಯರು, ನರ್ಸ್‌ಗಳು ರಾಜ್ಯದ ಆ ತುದಿಯಿಂದ ಈ ತುದಿಗೆ ಬಸ್ಸಿನಲ್ಲಿ ಬಂದು ಇಳಿದ ಮೇಲೆ. ಚಟ್ಟಂಚಾಲಿನಲ್ಲಿ ಟಾಟಾ ಸಮೂಹ ಕಟ್ಟಿಕೊಟ್ಟ, ಐನೂರಕ್ಕೂ ಹೆಚ್ಚು ಹಾಸಿಗೆಗಳ ಕಂಟೇನರ್ ಆಸ್ಪತ್ರೆಯನ್ನು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರಕಾರಕ್ಕೆ ಒಪ್ಪಿಸಲಾಯಿತು. ಅದು ಸಾಂಕ್ರಾಮಿಕದ ತುರ್ತಿಗೆ ಎದ್ದ ಕಟ್ಟಡ, ತುರ್ತು ಮುಗಿದಂತೆ ಅದರ ಮಹತ್ವವೂ ಕುಗ್ಗಿತು. ಎಂಡೋಸಲ್ಫಾನ್ ಕೀಟನಾಶಕದಿಂದ ಸಂತ್ರಸ್ತರಾದ ಮಕ್ಕಳ ತಾಯಂದಿರು 2019ರ ಆರಂಭದಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ಮಕ್ಕಳೊಂದಿಗೆ ಧರಣಿ ಕೂರಬೇಕಾಗಿ ಬಂದದ್ದೂ ಇದೇ ಸಚಿವೆಯ ಅವಧಿಯಲ್ಲಿ. ಆರೋಗ್ಯ, ಸಾಮಾಜಿಕ ನ್ಯಾಯ ಎರಡೂ ಖಾತೆಗಳು ಆಗ ಅವರ ಕೈಯಲ್ಲೇ ಇದ್ದವು. ಆರ್ದ್ರಂ ಯೋಜನೆಯಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳು ನಿಮ್ಮ ಜಿಲ್ಲೆಗೂ ಬಂದವು, ಜ್ವರ, ಸಕ್ಕರೆ, ರಕ್ತದೊತ್ತಡಕ್ಕೆ ಅವು ಸಾಕು; ಹೃದಯಾಘಾತಕ್ಕೋ ತಲೆಗೆ ಬಿದ್ದ ಪೆಟ್ಟಿಗೋ ಮಂಜೇಶ್ವರದ ಆಂಬುಲೆನ್ಸ್ ಶೈಲಜಾ ಅಧಿಕಾರ ಬಿಟ್ಟ ದಿನವೂ ಹೊರಳುತ್ತಿದ್ದದ್ದು ತಲಪಾಡಿಯತ್ತಲೇ.